ತಾಯಮ್ಮನ ಮುಯ್ಯಾಳು

ನಮ್ಮೂರ ತಾಯಮ್ಮ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ಕಂಡವರೇ ಇಲ್ಲ. ಸೊರಬದಲ್ಲಿ ಹಲ್ಲು ಕೀಳಿಸಿಕೊಂಡು ಬರುವಾಗ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬಸ್ಸಿನ ಕಂಡಕ್ಟರನಿಗೆ ಹೆಣ್ಣು ಗೊತ್ತುಮಾಡಿದವಳು ಅವಳು. ನಾಟಿ ಕಾಲದಲ್ಲಿ ಹೆಂಗಸರ ಮುಯ್ಯಾಳು ಗುಂಪಿಗೆ ಅವಳೇ ಯಜಮಾನಿ. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ, ಕೂಲಿ ಮಾತೇ ಇಲ್ಲ. ಬಂದ ಆಳಿಗೆ ತಿರುಗಿ ಹೋಗದವರ ಮನೆಯಲ್ಲಿ ತಾಯಮ್ಮ ನೀರೂ ಮುಟ್ಟುವುದಿಲ್ಲ.

ಹೋದ ಮಳೆಗಾಲ ಏಳೆಂಟು ದೇಶದ ಜನ ವಿಶ್ವಶಾಂತಿಗೆಂದು ಶಿಕಾರಿಪುರದಿಂದ ಚಂದ್ರಗುತ್ತಿಗೆ ನಡೆದುಕೊಂಡು ಹೊರಟಿದ್ದರು. ಬೇಸಿಗೆ ಬಿಟ್ಟು ಮಳೆಯಲ್ಲಿ ನಡೆಯಿರಿ ಅಂತ ಯಾವ ಪುಣ್ಯಾತ್ಮ ಹೇಳಿದ್ದನೋ! ನಮ್ಮೂರ ಸಮುದಾಯ ಭವನದಲ್ಲಿ ತಂಗಿದಾಗ ಅವರ ಮುಖ್ಯಸ್ಥ ಭಾಷಣ ಮಾಡಿದ. ಅಂಗನವಾಡಿ ಟೀಚರು ಅಂತ ನನ್ನನ್ನೇ ಕನ್ನಡದಲ್ಲಿ ಹೇಳಲು ನಿಲ್ಲಿಸಿದರು. ಮನುಕುಲವೆಲ್ಲ ಒಂದೇ ಕುಟುಂಬ, ಎಲ್ಲರೊಳಗೂ ಇರುವುದು ಒಂದೇ ಚೈತನ್ಯ ಅಂದೆ. ತಾಯಮ್ಮ ಎದ್ದು ನಿಂತಳು.

"ಅಲ್ಲ ನಯನ ಟೀಚರ್ರೇ, ಒಂದೇ ಮನೆಯೋರು ಅಂದ್ಮೇಲೆ ನಾಳೆ ನನ್ ಗದ್ದೆ ನಾಟಿಗೆ ಬತ್ತಾರಾ ಕೇಳ್ರಿ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೂ ಕೇಳಿದೆ. ಮುಖ್ಯಸ್ಥ ಕೆಮ್ಮಿದ. ಪೋಲೆಂಡಿನ ಮಾರ್ತಾ ಎಂಬವಳೊಬ್ಬಳು ಕೈ ಎತ್ತಿದಳು.

ಮಾರನೇ ದಿನ ಮಾರ್ತಾ ಕೆಸರಲ್ಲಿ ಎರಡು ಸಲ ಜಾರಿ ಕೂತಳು, ನೆಟ್ಟ ಸಾಲೂ ಸೊಟ್ಟ. ತಾಯಮ್ಮ ನಮ್ಮನ್ನು ಬೈದ ಹಾಗೇ ಅವಳನ್ನೂ ಬೈದಳು. ಆದರೆ ಹೊತ್ತು ಮುಳುಗಿ ನಾವೆಲ್ಲ ಸಾಕು ಅಂದಾಗ, ಕೊನೆಯ ಮೂಲೆ ಮುಗಿಯದೆ ಆ ಹುಡುಗಿ ಗದ್ದೆಯಿಂದ ಮೇಲೆ ಬರಲಿಲ್ಲ.

"ನಿಮ್ಮೂರಲ್ಲಿ ಕೆಲ್ಸ ಯಾವಾಗ? ನಂದೊಂದು ಆಳು ಬರೋದೈತೆ," ಎಂದಳು ತಾಯಮ್ಮ. ಏನೂ ಬೇಡ, ಖುಷಿಗೆ ಮಾಡಿದೆ ಎಂದು ಮಾರ್ತಾ ನಕ್ಕಳು. ತಾಯಮ್ಮನ ಮುಖ ಸಪ್ಪಗಾಯಿತು.

"ಬ್ಯಾಡ ಅಂದ್ರೆ ಎಂತ ಟೀಚರ್ರೇ? ನಾನೇನು ಧರ್ಮಕ್ಕೆ ಮಾಡಿಸ್ಕಂಡ್ನಾ? ನಿಮ್ ಸಂಬಂಧಾನೇ ಬ್ಯಾಡ ಅಂದಂಗಾತು ಅದು!"

ಅವಳಿಗೆ ನಿಜವಾಗಿಯೂ ನೋವಾಗಿತ್ತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಮಾರ್ತಾ ತನ್ನ ದೇಶಕ್ಕೆ ಮರಳಿದ ಮೇಲೂ ತಾಯಮ್ಮ ವಾರಕ್ಕೊಮ್ಮೆ ಬಂದು, "ಕೇಳ್ರಿ, ಅಲ್ಲಿ ಎಂತ ಕೆಲ್ಸ ಐತೆ?" ಅನ್ನುವಳು. ನಾನು ಮೊಬೈಲಿನಲ್ಲಿ ಬರೆದು ಕೇಳಬೇಕು. ಹುಲ್ಲು ಕೊಯ್ಯಲು ಯಂತ್ರ ಇದೆ, ಸೇಬು ಕಿತ್ತಾಯಿತು, ಈಗ ಹಿಮ ಬಿದ್ದಿದೆ ಎಂದು ಉತ್ತರ ಬರುತ್ತಿತ್ತು. ನನಗೂ ಮನೆ ಮಠ ಇದೆ ಅಂತ ಒಂದು ದಿನ ರೇಗಿಯೂಬಿಟ್ಟೆ.

ಡಿಸೆಂಬರಿನಲ್ಲಿ ಮಾರ್ತಾ ತಾನಾಗಿಯೇ ಬರೆದಳು. ಗುರುವಾರ ಅವಳ ತಾಯಿಗೆ ಹೃದಯದ ಆಪರೇಷನ್. ಅವತ್ತು ಎಲ್ಲ ದೇಶದ ಗೆಳೆಯರೂ ಇಡೀ ದಿನ ಮೌನವಾಗಿ ಕೂತು ತಾಯಿಯನ್ನು ನೆನೆಯುತ್ತಾರೆ. ತಾಯಮ್ಮನೂ ಕೂರುವಳೇ?

"ಸಿಕ್ತಲ್ಲ ಕೆಲ್ಸ!" ಎಂದು ತಾಯಮ್ಮ ಹಿಗ್ಗಿದಳು. ಆಮೇಲೆ ದನಿ ಇಳಿಸಿ, "ಮಾತೇ ಆಡಂಗಿಲ್ವಾ?" ಎಂದಳು.

ಗುರುವಾರ ಬೆಳಕು ಹರಿಯುತ್ತಲೇ ಜಗಲಿಯಲ್ಲಿ ಕೂತಳು. ಊರೇ ನೋಡಲು ಬಂತು. ಕೋಳಿ ಒಣಹಾಕಿದ ಭತ್ತಕ್ಕೆ ಬಾಯಿ ಹಾಕಿತು, ಒಳಗೆ ಹಾಲು ಉಕ್ಕಿತು. ತಾಯಮ್ಮ ಹಲ್ಲು ಕಚ್ಚಿ ಕೂತೇ ಇದ್ದಳು. ಅವಳ ಗಂಡ ಕಲ್ಲಪ್ಪಣ್ಣನಿಗಂತೂ ಜನ್ಮದಲ್ಲಿ ಸಿಕ್ಕದ ಅವಕಾಶ.

"ನಿನ್ ತಮ್ಮನ ಮದ್ವೇಲಿ ನನ್ನ ಎರಡನೇ ಪಂಕ್ತೀಲಿ ಕೂರಿಸಿದ್ರಿ. ಮರ್ತಿಲ್ಲ ನಾನು!" ಎಂದು ಶುರುಮಾಡಿದವನು ಮಧ್ಯಾಹ್ನದವರೆಗೂ ಹಳೆಯದೆಲ್ಲ ಕಕ್ಕಿದ. ಕೊನೆಗೆ ಹೇಳಲು ಏನೂ ಉಳಿಯದೆ ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಅವನ ಮಾತಿಗೆ ಬಂದದ್ದಲ್ಲ. ಕಾಣದ ಊರಿನ ಒಬ್ಬ ತಾಯಿಯ ಹತ್ತಿರ ಇದ್ದಳು ಅವಳು. ಕಲ್ಲಪ್ಪಣ್ಣ ಟವೆಲ್ ಹಾಸಿಕೊಂಡು ಪಕ್ಕದಲ್ಲಿ ಸುಮ್ಮನೆ ಕೂತ. ನಾನೂ ಕೂತೆ.

ಹೊತ್ತು ಮುಳುಗಿತು. "ದಿನ ಮುಗೀತು, ಮಾತಾಡೇ ಮಾರಾಯ್ತಿ," ಎಂದ ಕಲ್ಲಪ್ಪಣ್ಣ. ಅವಳು ತಲೆಯಲ್ಲಾಡಿಸಿ ನನ್ನ ಮೊಬೈಲಿನ ಕಡೆ ಕೈ ತೋರಿಸಿದಳು. ಕೊನೆಯ ಮೂಲೆ ಇನ್ನೂ ಬಾಕಿ ಇತ್ತು.

ದೀಪ ಹಚ್ಚಿ ಸುಮಾರು ಹೊತ್ತಾದ ಮೇಲೆ ಸುದ್ದಿ ಬಂತು. ತಾಯಿ ಕಣ್ಣು ಬಿಟ್ಟಿದ್ದಾರೆ. ತಾಯಮ್ಮನ ಮುಯ್ಯಾಳು ತೀರಿತು ಎಂದು ಹೇಳಿ ಅಂತಲೂ ಮಾರ್ತಾ ಬರೆದಿದ್ದಳು.

ತಾಯಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಬಾಯಿ ಬಿಟ್ಟಳು.

"ತೀರಿಲ್ಲ ಅನ್ರಿ! ನಾನು ಒಂದು ದಿನಕ್ಕಿಂತ ಜಾಸ್ತಿ ಕೂತಿದೀನಿ. ಈಗ ಅವಳೇ ತಿರುಗಿ ಬರ್ಬೇಕು. ಬರೋ ನಾಟಿಗೆ ಅಮ್ಮನ್ನೂ ಕರ್ಕಂಡು ಬಾ ಅನ್ರಿ. ಅಮ್ಮ ಬದು ಮೇಲೆ ಕೂತಿದ್ರೆ ಸಾಕು."

ನಾನು ಬರೆಯುವಷ್ಟರಲ್ಲಿ ಗಂಡನ ಕಡೆ ತಿರುಗಿ, "ಏಳಬ್ಯಾಡ್ರಿ, ಕೂತ್ಕಳ್ರಿ. ಆ ಎರಡನೇ ಪಂಕ್ತಿಯಿಂದ್ಲೇ ಶುರು ಮಾಡ್ತೀನಿ," ಎಂದಳು.

ಅಷ್ಟರಲ್ಲೇ ಮಾರ್ತಾಳ ಉತ್ತರ ಬಂತು. ನಾಟಿ ಯಾವ ತಿಂಗಳು ಎಂದು ಕೇಳಿದ್ದಳು.