ಗೋಡೆಯ ಮೇಲಿನ ರೇಷ್ಮೆ ಅಂಚು

ನಾನು ನಿಂತಿದ್ದು ಪರ್ತ್‌ನ ಎಲೆನ್‌ಬ್ರೂಕ್‌ನ ಬಾಡಿಗೆ ಮನೆಯಲ್ಲಿ, ಅಡುಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ. ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಹೊರಗೆ ಆಗಷ್ಟೇ ಕತ್ತಲಾಗುತ್ತಿತ್ತು. ನನಗೆ ಒಂಬತ್ತು ವರ್ಷ, ಕೈಯಲ್ಲಿ ಕೋಸಂಬರಿಯ ಬಟ್ಟಲು. ಇಷ್ಟು ಖಚಿತ. ಮೊನ್ನೆ ಅಡಿಲೇಡಿನ ಕಿಲ್ಬರ್ನ್‌ನ ನನ್ನ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿ ಹೆಚ್ಚಾಗಿ ಹೆಂಡತಿಯ ಸೀರೆಯ ಸೆರಗು ಸೀದಿತು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ನಾನು ಸೀರೆಯ ಕಡೆ ನೋಡಲಿಲ್ಲ; ಮೊದಲು ಗೋಡೆಯ ಕಡೆ ನೋಡಿದೆ.

ಅಪ್ಪ ಭೂವಿಜ್ಞಾನಿ, ಹಬ್ಬ ಬಂದಾಗಲೆಲ್ಲ ಉತ್ತರದ ಗಣಿಯಲ್ಲೇ ಇರುತ್ತಿದ್ದರು. ಆ ವರ್ಷ ಅಮ್ಮನಿಗೆ ಹಾಲಿನ ಬಿಳಿ ಗೋಡೆ ಸಹಿಸಲಾಗಲಿಲ್ಲ. "ಲಕ್ಷ್ಮಿ ಒಳಗೆ ಬಂದು, ಇದೇನು ಮಾರೋಕೆ ಇಟ್ಟಿರೋ ಡಿಸ್‌ಪ್ಲೇ ಮನೆನಾ ಅಂತ ವಾಪಸ್ ಹೋಗ್ಬಿಡ್ತಾಳೆ ಅಷ್ಟೆ," ಎಂದಳು. ಏನನ್ನೂ ಕೊಳ್ಳಲಿಲ್ಲ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿದಳು. ಹರಿದ ರೇಷ್ಮೆ ಸೀರೆಯ ಅಂಚು ಬಿಚ್ಚಿ ರಟ್ಟಿನ ಸುತ್ತ ಹೊಲಿದಳು. ಊರಿಂದ ಬಂದಿದ್ದ ಲಗ್ನಪತ್ರಿಕೆಗಳಿಂದ ಬಂಗಾರ ಬಣ್ಣದ ಗಣೇಶ, ಕಳಶ, ನವಿಲುಗಳನ್ನು ಬಿಡಿಸಿ, ಮೈದಾ ಕುದಿಸಿದ ಅಂಟಿನಿಂದ ಅಂಟಿಸಿದಳು. ಕೆಳಗೆ ಜಾಲರಿಯ ಹಾಗೆ ಹತ್ತಿಯ ಗೆಜ್ಜೆವಸ್ತ್ರ. ನಾಲ್ಕು ವರ್ಷದ ತಂಗಿ ಮೇಘಾ ಮೈಕೈಗೆಲ್ಲ ಅಂಟು ಬಳಿದುಕೊಂಡು, "ಅಮ್ಮಾ, ಐ ಆಮ್ ಹೆಲ್ಪಿಂಗ್!" ಎನ್ನುತ್ತಿದ್ದಳು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಎರಡೂ ಬದಿ ಅಂಟಿರುವ ಟೇಪಿನಿಂದ ಅದನ್ನು ಲಕ್ಷ್ಮಿಯ ಮಂಟಪದ ಹಿಂದೆ ಅಂಟಿಸಿದೆವು.

ಹಬ್ಬದ ಬೆಳಿಗ್ಗೆ ಅಮ್ಮ ಮಾಡಿದ ಮೊದಲ ಕೆಲಸ, ಕುರ್ಚಿ ಹತ್ತಿ ಸೂರಿನ ಹೊಗೆ ಅಲಾರಮ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದು. ಇಲ್ಲದಿದ್ದರೆ ಒಗ್ಗರಣೆಯ ಸಾಸಿವೆ ಸಿಡಿದಾಗಲೆಲ್ಲ ಅದು ಕಿರುಚುತ್ತಿತ್ತು. ಈ ದೇಶದಲ್ಲಿರುವ ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇದು ನಡೆದಿರಬಹುದು. ಸಂಜೆ ತೆಗೆದರಾಯಿತು ಎಂದುಕೊಂಡವಳು ಮರೆತಳು.

ಅರಿಶಿನ ಕುಂಕುಮಕ್ಕೆ ಪರ್ತ್‌ನ ಇನ್ನೊಂದು ಬಡಾವಣೆ ಸದರ್ನ್ ರಿವರ್‌ನಿಂದ ಅಮ್ಮನ ಗೆಳತಿ ಶಾಂತಾ ಆಂಟಿ ಬಂದರು. ಗೋಡೆ ನೋಡಿ, "ಅಯ್ಯೋ ಲಲಿತಾ, ನನ್ನ ಮಗಳ ಮದುವೆ ಕಾರ್ಡನ್ನೂ ಕತ್ತರಿಸ್ಬಿಟ್ಟಿದ್ದೀಯಲ್ಲೇ!" ಎಂದರು. "ನಡುವೆ ಕೂತಿರೋ ಗಣಪತಿ ನಿಮ್ಮೋನೇ ಶಾಂತಕ್ಕ. ಸಿಂಹಾಸನ ಕೊಟ್ಟಿದ್ದೀನಿ, ಇನ್ನೇನು ಬೇಕು?" ಎಂದಳು ಅಮ್ಮ. ಇಬ್ಬರೂ ನಗುತ್ತಾ ತಾಂಬೂಲ ಹಿಡಿದು ಮುಂಬಾಗಿಲಿಗೆ ಹೋದರು.

ಶ್ರಾವಣ ಇಲ್ಲಿ ಚಳಿಗಾಲ; ಹೀಟರು ಹಾಕಿತ್ತು. ಬಿಸಿಗಾಳಿ ನೇರ ಆ ಗೋಡೆಗೇ ಬಡಿಯುತ್ತಿತ್ತು. ಟೇಪು ಬಿಟ್ಟದ್ದನ್ನು ನಾನು ಕಂಡೆ. ರಟ್ಟಿನ ಎಡಗಡೆಯ ಮೂಲೆ ಮೆಲ್ಲಗೆ, ಯಾರೋ ಇಳಿಸಿದ ಹಾಗೆ, ಮಂಟಪದ ದೀಪದ ಮೇಲೆ ಇಳಿಯಿತು. ಗೆಜ್ಜೆವಸ್ತ್ರಕ್ಕೆ ಹತ್ತಿದ ಬೆಂಕಿ ಒಂದೊಂದೇ ಗೆಜ್ಜೆಯನ್ನು ನುಂಗುತ್ತಾ ಮೇಲಕ್ಕೆ ಹೋಯಿತು. ಅದರ ಕೆಳಗೇ ಮೇಘಾ ರೇಷ್ಮೆ ಲಂಗ ಹರಡಿಕೊಂಡು, ಬೆನ್ನು ತಿರುಗಿಸಿ, ಬಳೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನನ್ನ ಕೈಯಿಂದ ಬಟ್ಟಲು ಬಿದ್ದ ಸದ್ದಿಗೆ ಅಮ್ಮ ತಿರುಗಿದಳು.

ಆಂಟಿ ಮೇಘಾಳ ರಟ್ಟೆ ಹಿಡಿದು ಎಳೆದುಕೊಂಡರು. ಅಮ್ಮ ಉರಿಯುತ್ತಿದ್ದುದನ್ನು ಎರಡೂ ಕೈಯಿಂದ ಗೋಡೆಯಿಂದ ಕಿತ್ತು, ಮುದುಡಿ, ನೆಲಕ್ಕೆ ಹಾಕಿ ತುಳಿದಳು. ಕಾಲೊರಸು ಬಟ್ಟೆ ಮುಚ್ಚಿ ಮತ್ತೆ ತುಳಿದಳು. ಬೆಂಕಿ ಆರಿತು. ಮನೆ ತುಂಬ ಹೊಗೆ, ಆದರೆ ಒಂದು ಸದ್ದಿಲ್ಲ. ಆ ಮೌನ ನನಗೆ ಬೆಂಕಿಗಿಂತ ಹೆಚ್ಚು ಹೆದರಿಕೆ ತಂದಿತು. ಅಮ್ಮ ನಿಧಾನಕ್ಕೆ ತಲೆಯೆತ್ತಿ ಸೂರು ನೋಡಿದಳು. ಸುಟ್ಟ ಕೈಗಳನ್ನು ಮುಂದೆ ಹಿಡಿದುಕೊಂಡೇ, "ಅದನ್ನ ತೆಗಿಯೋ. ಮೊದ್ಲು ತೆಗಿ," ಎಂದಳು. ಕುರ್ಚಿ ಹತ್ತಿ ಟೋಪಿ ಎಳೆದೆ. ಅದು ಕಿರುಚಿಕೊಂಡಿತು. ಅಮ್ಮ ಅತ್ತದ್ದು ಆಗ.

ಅಮ್ಮನ ಅಂಗೈಯ ಗಾಯಗಳು ಮಾಗಿದವು; ರೇಖೆಗಳು ಮತ್ತೆ ಮೂಡಲಿಲ್ಲ. ಜ್ವರ ನೋಡಲು ಹಣೆ ಮುಟ್ಟಿದರೆ ಕಾಗದದ ಹಾಗೆ ನುಣುಪಾಗಿ ತಾಗುತ್ತಿತ್ತು. ಆಮೇಲೆ ನಮ್ಮ ಯಾವ ಮನೆಯ ಗೋಡೆಗೂ ಅವಳು ಏನನ್ನೂ ಮಾಡಲಿಲ್ಲ. ನಮ್ಮ ಲಕ್ಷ್ಮಿ ಪ್ರತಿ ವರ್ಷ ಬೋಳು ಗೋಡೆಯ ಮುಂದೆಯೇ ಕೂತಳು.

ಅಪ್ಪ ಕಂಡದ್ದು ಕಪ್ಪು ಕಲೆಯನ್ನು ಮಾತ್ರ. ಬೆಂಕಿಯನ್ನು ಕಂಡವರಲ್ಲಿ ಅಮ್ಮ ಕಳೆದ ಚಳಿಗಾಲದಲ್ಲಿ ಕಾಯಿಲೆಯಿಂದ ಹೋದಳು. ಬ್ರಿಸ್ಬೇನಿನಲ್ಲಿರುವ ಮೇಘಾಳಿಗೆ ನೆನಪಿರುವುದು ಅಲಾರಮ್ಮಿನ ಆ ಕಿರುಚಾಟ ಒಂದೇ. ಇನ್ನುಳಿದವರು ನಾನು, ಮತ್ತು ಸದರ್ನ್ ರಿವರ್‌ನಲ್ಲಿ ಶಾಂತಾ ಆಂಟಿ. ಹಬ್ಬದ ದಿನ ಫೋನ್ ಮಾಡಿದರೆ ಅವರು ಮೊದಲು ಕೇಳುವುದು, "ಮೇಲಿರೋದನ್ನ ಮುಚ್ಚಿಲ್ಲ ತಾನೇ ಮಗಾ?"

"ಇಲ್ಲ ಆಂಟಿ," ಎನ್ನುತ್ತೇನೆ. ಎಂದ ಮೇಲೂ ಒಮ್ಮೆ ತಲೆಯೆತ್ತಿ ನೋಡುತ್ತೇನೆ.