ಎರಡಂಕಣದ ಮನೆ, ಹದಿನಾಲ್ಕು ಗುಂಟೆ ಜಾಗ

ನಮ್ಮ ಹಾಸ್ಟೆಲಿನ ಪಕ್ಕ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ಗೋಡೆಗೆ ನೀರು ಹೊಡೆದಾಗ ಹಸಿ ಸಿಮೆಂಟಿನ ವಾಸನೆ ಕಿಟಕಿಯೊಳಗೆ ಬರುತ್ತದೆ. ಉಳಿದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಎಂಟು ವರ್ಷದವಳಾಗಿ ಹಾನಗಲ್ಲಿಗೆ ಹೋಗಿ ನಿಂತುಬಿಡುತ್ತೇನೆ. ನಿಮಗೂ ಮಾರಿಬಿಟ್ಟ ಮನೆಯೊಂದಿದ್ದರೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮನೆ ಕೊಂಡಾಗ ಅಪ್ಪ ನಮ್ಮೂರು ಚಿಕ್ಕೇರೂರಿಗೆ ಫೋನ್ ಮಾಡಿ 'ಹದಿನಾಲ್ಕು ಗುಂಟೆ ಐತಿ' ಎಂದಷ್ಟೇ ಹೇಳಿದ್ದ. ಅವ್ವ ಅದನ್ನು ಅರಮನೆ ಎಂದುಕೊಂಡು ಒಂಬತ್ತು ಕಿಟಕಿ ಪರದೆ ಹೊಲಿಸಿಕೊಂಡು ಬಂದಳು. ಟೆಂಪೋ ಇಳಿದು ಸುತ್ತಲೂ ನೋಡಿ 'ಮನಿ ಎಲ್ಲೈತ್ರಿ?' ಅಂದಳು. 'ನೀ ಒರಗಿಕೊಂಡು ನಿಂತೀಯಲ್ಲ, ಅದ ಮನಿ' ಅಂದ ಅಪ್ಪ. ನಾಲ್ಕು ಕಂಬದ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರಲ್ಲ, ಅಂಥವು ಎರಡು, ಕಿಟಕಿ ಒಂದು. ಉಳಿದದ್ದೆಲ್ಲ ಹಿತ್ತಲು. ಮನೆಯೊಳಗೆ ಒಬ್ಬರು ಮಗ್ಗುಲು ಬದಲಿಸಿದರೆ ಉಳಿದ ಮೂವರೂ ಬದಲಿಸಬೇಕು, ಅಪ್ಪ ಸೀನಿದರೆ ಬೆಕ್ಕು ಹೊರಗೆ ಬೀಳುತ್ತಿತ್ತು. ಹಿತ್ತಲಿನ ಆ ತುದಿಗೆ ಹೋಗುವಾಗ ನಾವು ಬುತ್ತಿ ಕಟ್ಟಿಕೊಳ್ಳುತ್ತೇವೆ, ನಡುವೆ ಒಂದು ಬಸ್ ಸ್ಟಾಪೂ ಇದೆ ಎಂದು ನಾನು ಶಾಲೆಯಲ್ಲಿ ಹೇಳಿದ್ದೆ. ಇಬ್ಬರು ನಂಬಿದ್ದರು.

ಖುಷಿಪಟ್ಟವಳು ಆಯಿ, ಅಂದರೆ ಅಪ್ಪನ ಅವ್ವ. ಚಿಕ್ಕೇರೂರಿನ ಹೊಲ ದೊಡ್ಡಪ್ಪನ ಪಾಲಿಗೆ ಹೋದಾಗಿನಿಂದ ಅವಳಿಗೆ ಒಕ್ಕಣೆ ಮಾಡಲು ಕಣವಿರಲಿಲ್ಲ. ಬಂದ ವಾರವೇ ಹಿತ್ತಲ ಬಾಗಿಲಿನ ಹಿಂದೆ ಗಟ್ಟಿ ನೆಲ ಹುಡುಕಿ, ಒಂಬತ್ತು ಮೊಳದ ಕಣ ಮಾಡಿದಳು. ಬೆಳೆದದ್ದು ಒಂದು ಸಾಲು ತೊಗರಿ, ಬೇಲಿಯ ಮೇಲಿನ ಅವರೆ. ಅದನ್ನೇ ಬಡಿಗೆಯಿಂದ ಬಡಿದು, ತೂರಿ, ಮೊಣಕಾಲೆತ್ತರದ ರಾಶಿ ಮಾಡಿ ಕೈಮುಗಿಯುತ್ತಿದ್ದಳು. ಪಕ್ಕದ ಮನೆಯ ಬಸಣ್ಣ ಬೇಲಿಯಾಚೆಯಿಂದ 'ಲಾರಿ ಕರಸ್ಲೇನಬೇ ಆಯಿ?' ಅಂದ. 'ಎರಡು ಕರಸು. ಒಂದರಾಗ ನೀ ಕುಂತು ಹೋಗು' ಅಂದಳು ಆಯಿ.

ಅವ್ವನಿಗೆ ಬೇಕಿದ್ದದ್ದು ಅಡುಗೆಮನೆ. ಒಲೆ ಇದ್ದ ಮೂಲೆಯಲ್ಲಿ ಅವಳು ರೊಟ್ಟಿ ತಿರುವಿದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಅದನ್ನು ಕಟ್ಟಲು ಹುಬ್ಬಳ್ಳಿಯಿಂದ ಬಂದ ಗೌಂಡಿ ಹಿತ್ತಲಿನ ಆರು ಕಡೆ ಹಾರೆ ಹಾಕಿ ನೋಡಿದ. 'ಎಲ್ಲಾ ಎರಿ ಮಣ್ಣರಿ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರೀತೈತಿ. ಗ್ವಾಡಿ ನಿಲ್ಲೂದಿಲ್ಲ. ಗಟ್ಟಿ ಇರೂದು ಇದೊಂದ' ಎಂದು ಕಣವನ್ನು ತೋರಿಸಿದ. ಹದಿನಾಲ್ಕು ಗುಂಟೆಯಲ್ಲಿ ಇಬ್ಬರು ಹೆಂಗಸರಿಗೂ ಬೇಕಾದದ್ದು ಅದೇ ಒಂಬತ್ತು ಮೊಳ. ಆಮೇಲೆ ಒಂದು ತಿಂಗಳು ಅವರ ಮಾತೆಲ್ಲ ನನ್ನ ಮೂಲಕ ನಡೆಯಿತು. 'ನಿಮ್ಮ ಆಯಿಗೆ ಚಾ ಬೇಕೇನ ಕೇಳು' ಎಂದು ಅವ್ವ ಹೇಳಿದಾಗ ಆಯಿ ನಾಲ್ಕಡಿ ದೂರದಲ್ಲಿರುತ್ತಿದ್ದಳು. ನಾನು ಆ ನಾಲ್ಕಡಿಯನ್ನು ಓಡಿಯೇ ದಾಟುತ್ತಿದ್ದೆ, ದಾರಿಯಲ್ಲಿ ಒಂದಿಷ್ಟು ಖಾರವನ್ನೂ ಸೇರಿಸುತ್ತಿದ್ದೆ.

ಒಂದು ದಿನ ಅವ್ವನ ಮುಂಗೈ ಕಾದ ಹಂಚಿಗೆ ತಾಗಿ ಬೊಬ್ಬೆ ಎದ್ದಿತು. ಆಯಿ ಅದಕ್ಕೆ ಬೆಣ್ಣೆ ಹಚ್ಚಿದಳು. ಮರುದಿನ ತಾನೇ ಗೌಂಡಿಯನ್ನು ಕರೆಸಿ 'ಎಂಟು ಮೊಳ ಅಡಗಿಮನಿಗೆ ತಗೋ. ಒಂದ ಮೊಳ ನನಗಿರ್ಲಿ, ಕಾಳು ಕೇರಾಕ ಸಾಕು' ಅಂದಳು. ಅಳೆದವಳೂ ಅವಳೇ. ಕಣದಲ್ಲಿ ಕಾಳು ಅಳೆಯುವಾಗ ನಮ್ಮಲ್ಲಿ ಒಂದು ಅನ್ನುವುದಿಲ್ಲ. ಮೊದಲ ಅಳತೆಗೆ ಲಾಭ ಅನ್ನುತ್ತಾರೆ. ಆಯಿ ಅದೇ ರೂಢಿಯಲ್ಲಿ ನೆಲದ ಮೇಲೆ ಮೊಣಕೈಯೂರಿ 'ಲಾಭ, ಎರಡು, ಮೂರು' ಎನ್ನುತ್ತ ಎಂಟಕ್ಕೆ ನಿಲ್ಲಿಸಿದಳು. ಆ ತುದಿಯಲ್ಲಿ ಹಗ್ಗ ಹಿಡಿದಿದ್ದ ಗೌಂಡಿ ಅದನ್ನು ದೇವರ ಹೆಸರೆಂದುಕೊಂಡ. 'ಅಜ್ಜಿ ಎರಡರಿಂದ ಎಣಿಸ್ಯಾಳ, ಏಳ ಆಗ್ಯಾವು' ಎಂದು ತನ್ನಷ್ಟಕ್ಕೆ ಗೊಣಗಿ, ಇನ್ನೊಂದು ಮೊಳ ಸೇರಿಸಿ ಗೂಟ ಹೊಡೆದ. ಕಣ ಪೂರ್ತಿ ಹೋಯಿತು. ಹೇಳಲು ನಾನು ಬಾಯಿ ತೆರೆದೆ. ಆಯಿ ನನ್ನ ತೊಡೆ ಚಿವುಟಿದಳು. 'ಸುಣ್ಣದ ಗೆರಿ ಹಾಕಪಾ' ಅಂದಳು ಗೌಂಡಿಗೆ.

ಆ ಅಡುಗೆಮನೆಯಲ್ಲಿ ಅವರಿಬ್ಬರೂ ಎರಡು ಚಳಿಗಾಲ ರೊಟ್ಟಿ ಬಡಿದರು. ಆಮೇಲೆ ಆಯಿ ಹೋದಳು, ಅಪ್ಪನಿಗೆ ಶಿಗ್ಗಾಂವಿಗೆ ವರ್ಗವಾಯಿತು, ಮನೆ ಮಾರಿದೆವು. ಹಿತ್ತಲು ಈಗ ಆರು ಸೈಟು ಆಗಿದೆಯಂತೆ. ನಾನು ನೋಡಲು ಹೋಗಿಲ್ಲ. ಅಂದು ಗೌಂಡಿ ಸುಣ್ಣದ ಗೆರೆ ಹಾಕಿ ಹೋದ ಸಂಜೆ ಆಯಿ ಬಕೆಟ್ಟಿನಲ್ಲಿ ಸಗಣಿ ಕಲಸಿಕೊಂಡು ಕಣಕ್ಕಿಳಿದಿದ್ದಳು. 'ನಾಳೆ ಅಗೀತಾರಲ್ರಿ ಅತ್ತಿ, ಯಾಕ ಸಾರಸ್ತೀರಿ?' ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ತಿಂಗಳ ಮೇಲೆ ಅವಳು ಆಯಿಯೊಡನೆ ನೇರ ಆಡಿದ ಮೊದಲ ಮಾತು ಅದು. 'ಅಗಿಯೂದು ನಾಳೆ' ಅಂದಳು ಆಯಿ, ತಲೆ ಎತ್ತದೆ. ಅವ್ವ ಸೀರೆ ಎತ್ತಿ ಕಟ್ಟಿ, ಬೊಬ್ಬೆ ಎದ್ದ ಕೈಯನ್ನು ಹಿಂದಿಟ್ಟುಕೊಂಡು, ಇನ್ನೊಂದು ತುದಿಯಿಂದ ಸಾರಿಸತೊಡಗಿದಳು. ಸುಣ್ಣದ ಗೆರೆಗೆ ಒಂದು ಹನಿಯೂ ತಾಗದ ಹಾಗೆ ಇಬ್ಬರೂ ನಡುವಿಗೆ ಬಂದರು. ಒಣಗುವವರೆಗೆ ಕಾಲಿಡಬ್ಯಾಡ ಎಂದು ಇಬ್ಬರೂ ನನ್ನನ್ನು ಗದರಿದರು. ಬೆಳಿಗ್ಗೆ ಗುದ್ದಲಿ ಬಿದ್ದಾಗ ಅದು ಇನ್ನೂ ಪೂರ್ತಿ ಒಣಗಿರಲಿಲ್ಲ.