ಗಾದಿಯ ಹತ್ತಿ ತುಂಬಿದ ಸ್ಪೀಕರ್

ಗಿರಣಿಯ ಭೋಂಗಾ ನಿಂತು ಎಷ್ಟೋ ವರ್ಷಗಳಾದವು. ಆದರೂ ಅದು ಕೂಗುತ್ತಿದ್ದ ಹೊತ್ತಿಗೇ ನಾನು ಏಳುತ್ತೇನೆ. ಸ್ನಾನ, ಲಿಂಗಪೂಜೆ, ಚಹಾ, ಆಮೇಲೆ ಅಂಗಳ ಗುಡಿಸುವುದು. ಈ ಸಾಲು ತಪ್ಪಿದರೆ ದಿನವೆಲ್ಲ ಏನೋ ಮರೆತವನಂತೆ ತಿರುಗುತ್ತೇನೆ. ನಾನೂ ಹೆಂಡತಿಯೂ ನೂಲಿನ ಗಿರಣಿಯಲ್ಲಿ ದುಡಿದವರು. ಅವಳು ನೂಲು ಸುತ್ತುವ ಖಾತೆಯಲ್ಲಿ ಕೆಲಸಕ್ಕಿದ್ದಳು. ನಾನು ಅಲ್ಲೇ ಜಾಬರ್; ಒಂದು ಸಾಲು ಯಂತ್ರ, ಅದರ ಮುಂದೆ ನಿಂತ ಜನ, ಎರಡೂ ನನ್ನ ಜವಾಬ್ದಾರಿ. ಗಿರಣಿ ಮುಚ್ಚಿದ ಮೇಲೆ ಗೋಕಾಕಕ್ಕೆ ಬಂದು ಎರಡು ಕೋಣೆಯ ಮನೆ ಮಾಡಿದೆವು.

ಒಂದು ಮುಂಜಾನೆ ಚಹಾ ಕೈಗಿಟ್ಟು ಅವಳು ಎದುರಿಗೇ ಕುಳಿತಳು.

"ಏನ್ರಿ, ಅಕಿ ಧ್ವನಿ ನೆನಪಾಗವಲ್ದು," ಎಂದಳು. "ಮಾರಿ ಕಣ್ಣಮುಂದ ಬರತೈತಿ. ಧ್ವನಿ ಬರವಲ್ದು."

ಅಕಿ ಎಂದರೆ ನಮ್ಮ ಮಗಳು. ಹತ್ತನೆಯ ಇಯತ್ತೆ ಓದುತ್ತಿದ್ದಾಗ ಜ್ವರ ಬಂದು ತೀರಿಕೊಂಡಳು. ನಮಗೆ ಅವಳೊಬ್ಬಳೇ. ಚೆನ್ನಾಗಿ ಹಾಡುತ್ತಿದ್ದಳು. ತೀರಿಕೊಳ್ಳುವ ಹಿಂದಿನ ವರ್ಷ ಮೇಲವಂಕಿಯಿಂದ ಬಂದ ಅವಳ ಸೋದರಮಾವ ತಬಲಾ ನುಡಿಸಿ, ಅವಳ ಕೈಲಿ ಭಜನೆಯ ಪದ ಹಾಡಿಸಿ ಟೇಪಿನಲ್ಲಿ ತುಂಬಿದ್ದ. ಆ ಕ್ಯಾಸೆಟ್ ಒಂದೇ ಉಳಿದದ್ದು. ಟೇಪ್ ರೆಕಾರ್ಡರ್ ಕೆಟ್ಟು ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಕ್ಯಾಸೆಟ್ಟು ಮಾತ್ರ ಹೆಂಡತಿಯ ಸೀರೆಯ ಟ್ರಂಕಿನಲ್ಲಿ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು.

ನನಗೆ ಕೆಲಸ ಸಿಕ್ಕಂತಾಯಿತು. ಇಂಥದ್ದನ್ನು ಅರ್ಧಂಬರ್ಧ ಮಾಡಬಾರದು ಎಂದು ನಿಶ್ಚಯಿಸಿದೆ. ಮೊಬೈಲಿನ ಕೀರಲು ಧ್ವನಿಯಲ್ಲಿ ಮಗಳನ್ನು ಕೇಳಿಸುವುದು ನನಗೆ ಬೇಡವಾಗಿತ್ತು. ಮಗಳು ಕೋಣೆಯಲ್ಲಿ ಕೂತು ಹಾಡಿದಂತಿರಬೇಕು. ಹೊಸ ಸೆಟ್ಟು ಕೊಳ್ಳುವಷ್ಟು ನಮ್ಮ ಪಿಂಚಣಿ ಇರಲಿಲ್ಲ. ಹಾಗಾಗಿ ಒಂದೊಂದೇ ಸಾಮಾನು ಕೂಡಿಸುತ್ತ ಹೋಗುವುದು ಎಂದಾಯಿತು.

ಗೋಕಾಕದ ಫೋಟೋ ಸ್ಟುಡಿಯೋದವನು ಮೊದಲು ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಬಂತೋ ಇಲ್ಲವೋ ಎಂದು ಅವನು ಅಂಗಡಿಯಲ್ಲೇ ಕೇಳಿಸಲು ಹೋದಾಗ ಬೇಡವೆಂದೆ. ಹೆಂಡತಿಗಿಂತ ಮೊದಲು ನಾನು ಕೇಳುವುದು ಸರಿಯಲ್ಲ ಅನ್ನಿಸಿತು.

ಆಮೇಲೆ ಮೂಡಲಗಿ. ಅಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನೊಬ್ಬ ದೊಡ್ಡ ಡೀಜೆ ಸೆಟ್ಟು ತಂದು ಹಳೆಯ ಸಾಮಾನು ಮಾರುತ್ತಿದ್ದಾನೆಂದು ಸುದ್ದಿ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಆಂಪ್ಲಿಫೈಯರ್ ಬೇಗ ಒಪ್ಪಿಗೆಯಾಯಿತು. ಸ್ಪೀಕರಿನಲ್ಲಿ ಎರಡು ಜೋಡಿ ಇದ್ದವು. ಒಂದು ಸಣ್ಣದು, ತಿಳಿ ಧ್ವನಿಯದು. ಇನ್ನೊಂದು ದೊಡ್ಡದು, ಗುಮ್ಮೆನ್ನುವುದು. ಅವನು ಸಣ್ಣದನ್ನು ನುಡಿಸಿದ. ಹೆಂಡತಿ ಸುಮ್ಮನೆ ನಿಂತಿದ್ದಳು. ದೊಡ್ಡದನ್ನು ನುಡಿಸಿದಾಗ ಎದೆಯ ಮೇಲೆ ಕೈಯಿಟ್ಟು ನಕ್ಕಳು. ನಾನು ದೊಡ್ಡದನ್ನೇ ಕಟ್ಟಲು ಹೇಳಿದೆ.

"ಕಾಕಾ, ಮನ್ಯಾಗ ಹಾಡ ಕೇಳಾಕೋ, ಇಲ್ಲಾ ಈ ವಯಸ್ಸಿನ್ಯಾಗ ಮತ್ತೊಮ್ಮೆ ಮೆರವಣಿಗಿ ತೆಗೀತೀರೋ?" ಎಂದ ಅಂಗಡಿಯವನು.

ಹೆಂಡತಿ ಅವನ ಬಾಯಿಯನ್ನೇ ನೋಡುತ್ತಿದ್ದವಳು ಥಟ್ಟನೆ ಉತ್ತರ ಕೊಟ್ಟಳು: "ಮೆರವಣಿಗಿಗೆ ಕುದರಿ ನೀನ ಆಗ್ತಿಯೇನಪಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನು ಮಾರುವ ದರದಲ್ಲಿ ಸ್ವಲ್ಪ ಬಿಟ್ಟೂ ಬಿಟ್ಟ.

ಆ ಎರಡೂ ಸ್ಪೀಕರ್ ಕೂಡಿಸಲು ಪೆಟ್ಟಿಗೆ ಮಾಡಿಕೊಟ್ಟವನು ಹುಕ್ಕೇರಿಯ ಬಡಿಗೇರ. ನಾನು ಅಳತೆ ಹಿಡಿದು ಅವನ ಬಾಜೂ ನಿಂತೆ. ಕಟ್ಟಿಗೆ ತೆಳ್ಳಗಾಗಬಾರದು, ಮೂಲೆಯಲ್ಲಿ ಗಾಳಿ ಹಾಯಬಾರದು ಎಂದು ಹೇಳುತ್ತಲೇ ಇದ್ದೆ. ಅವನು ಕಟ್ಟಿಗೆ ಹೆರೆಯುತ್ತಿದ್ದ ರಂಧ ಕೆಳಗಿಟ್ಟು, ಯಜಮಾನ್ರ, ಹೋಗಿ ಚಾ ಕುಡದ ಬರ್ರಿ, ಪೆಟಗಿ ಎಲ್ಲೂ ಓಡಿ ಹೋಗೂದಿಲ್ಲ ಎಂದ. ಪೆಟ್ಟಿಗೆಯ ಒಳಮೈಗೆ ಹತ್ತಿ ಹಚ್ಚಬೇಕು, ಇಲ್ಲದಿದ್ದರೆ ಧ್ವನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ ಎಂದು ಮೂಡಲಗಿಯವನು ಹೇಳಿದ್ದ. ಹತ್ತಿ ಕೊಂಡು ತರಲು ಹೊರಟವನನ್ನು ಹೆಂಡತಿ ತಡೆದಳು. ಅಟ್ಟದ ಮೇಲಿದ್ದ ಮಗಳ ಗಾದಿಯನ್ನು ಇಳಿಸಿದಳು. ಇಷ್ಟು ವರ್ಷ ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಯಾರನ್ನೂ ಅದರ ಮೇಲೆ ಮಲಗಿಸಿರಲಿಲ್ಲ. ತಾನೇ ಹೊಲಿಗೆ ಬಿಚ್ಚಿದಳು. ಗಂಟುಗಟ್ಟಿದ ಹತ್ತಿಯನ್ನು ಬೆರಳಿನಿಂದ ಹಿಂಜಿ, ಹಗುರ ಮಾಡಿ, ಪೆಟ್ಟಿಗೆಯೊಳಗೆ ಸಮನಾಗಿ ಹಾಸಿ ಅಂಟಿಸಿದಳು. ಗಿರಣಿಯಲ್ಲಿ ಕಲಿತ ಕೈ ಅದು.

ಮರುದಿನ ಮುಂಜಾನೆ ಪೂಜೆ ಮುಗಿಸಿ, ಚಹಾ ಕುಡಿದು, ಸೆಟ್ಟಿನ ಮುಂದೆ ಕುಳಿತೆವು. ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬೀಗರ ಮನೆಗೆ ಹೊರಟವಳಂತೆ ಸೀರೆ ಉಟ್ಟಿದ್ದಳು. ನಾನು ಗುಂಡಿ ಒತ್ತಿದೆ. ಮೊದಲು ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು. ಆಮೇಲೆ ತಬಲಾ. ಆಮೇಲೆ ಮಗಳು.

ಮಗಳ ಧ್ವನಿಯನ್ನು ನಾನೂ ಮರೆತಿದ್ದೆನೆಂದು ಆಗಲೇ ನನಗೆ ತಿಳಿದದ್ದು. ನಾನು ನೆನಪಿಟ್ಟುಕೊಂಡದ್ದಕ್ಕಿಂತ ಅದು ತೆಳ್ಳಗಿತ್ತು, ಇನ್ನೂ ಸಣ್ಣವಳ ಧ್ವನಿ. ಒಂದು ನುಡಿ ಹಾಡಿದಳು. ಎರಡನೆಯದನ್ನು ಎತ್ತಿಕೊಂಡಳು. ನಡುವೆ ಮರೆತಳು. ತಬಲಾ ನಿಂತಿತು. "ಅವ್ವಾ, ಮುಂದ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಹಾಡು, ಮತ್ತೆ ತಬಲಾ.

ಆ ಏನೂ ಇಲ್ಲದ ಹೊತ್ತು ನನಗೆ ಗೊತ್ತಿತ್ತು. ಟೇಪಿನಲ್ಲಿ ತನ್ನ ಮಾತು ಬೀಳಬಾರದೆಂದು ಹೆಂಡತಿ ಅಂದು ಮುಂದಿನ ಸಾಲನ್ನು ತುಟಿಯಲ್ಲೇ ಹೇಳಿಕೊಟ್ಟಿದ್ದಳು. ಗಿರಣಿಯವರ ಮಾತೇ ಅದು. ಯಂತ್ರಗಳ ಸದ್ದಿನಲ್ಲಿ ಬಾಯಿಯ ಮಾತು ಕಿವಿಗೆ ಮುಟ್ಟುವುದಿಲ್ಲ. ಎದುರು ನಿಂತು ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿಯುತ್ತಾರೆ. ಹಿಂದಿನಿಂದ ಯಾರನ್ನೂ ಕೂಗುವುದಿಲ್ಲ, ಹೋಗಿ ಭುಜ ಮುಟ್ಟುತ್ತೇವೆ. ಗಿರಣಿ ಬಿಟ್ಟರೂ ಮನೆಯಲ್ಲಿ ಆ ರೂಢಿ ಹೋಗಲಿಲ್ಲ. ಮಗಳೂ ನಮ್ಮನ್ನು ನೋಡಿ ಚಿಕ್ಕಂದಿನಲ್ಲೇ ಕಲಿತಿದ್ದಳು.

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಸ್ಪೀಕರನ್ನು ನೋಡುತ್ತ, ಕೈ ಮಡಿಲಲ್ಲಿಟ್ಟು, ಕಾಯುತ್ತ ಕುಳಿತಿದ್ದಳು.

"ತಬಲಾ ಕೇಳಸತೈತಿ," ಎಂದಳು. "ಹಾಡ ಯಾವಾಗ ಚಾಲೂ ಆಗತೈತ್ರಿ?"

ಮಗಳು ಆಗ ಕೊನೆಯ ನುಡಿಯಲ್ಲಿದ್ದಳು. ನಾನು ಧ್ವನಿ ಏರಿಸಿದೆ. ಇನ್ನೂ ಏರಿಸಿದೆ. ಗೋಡೆಯ ಮೊಳೆಗೆ ತೂಗಹಾಕಿದ ಜರಡಿ ಅಲುಗಾಡಿತು. ಬಾಜೂ ಮನೆಯವರು ಬಾಗಿಲಿಗೆ ಬಂದು ಇಣುಕಿ ನೋಡಿ, ನನ್ನ ಮುಖ ಕಂಡು ಹಿಂದಿರುಗಿದರು. ಹೆಂಡತಿಯೂ ಆಗ ನನ್ನ ಮುಖ ನೋಡಿದಳು.

"ಹಾಡಾಕತ್ತಾಳೇನ್ರಿ?" ಎಂದಳು.

ಹೌದೆಂದು ತಲೆಯಾಡಿಸಿದೆ. ಅವಳು ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹಾಡು ಮುಗಿಯುವ ತನಕ ಹಾಗೆಯೇ ನಿಂತಳು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಮೆಲ್ಲಮೆಲ್ಲಗೆ ಹೋದ ಕಿವಿ, ತೆಳ್ಳಗಿನ ಧ್ವನಿಗಳು ಮೊದಲು ಹೋಗುತ್ತವೆ, ದಪ್ಪ ಸದ್ದು ಕೊನೆಗೆ ಎಂದರು. ಅವಳ ತಾಯಿಗೂ ಹೀಗೇ ಆಗಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವೆ ಎಂದು ಅವರಿಗೆ ಆಶ್ಚರ್ಯ. ತುಟಿ ನೋಡಿ ಮಾತಾಡುವ ಮನೆಯಲ್ಲಿ ಕಿವಿ ಹೋದದ್ದು ಹೇಗೆ ಗೊತ್ತಾಗಬೇಕು? ಫೋನು ಬಂದರೆ ನೀವೇ ಮಾತಾಡ್ರಿ ಎಂದು ನನ್ನ ಕೈಗೆ ಕೊಡುತ್ತಿದ್ದಳು. ಸಂಕೋಚ ಅಂದುಕೊಂಡಿದ್ದೆ.

ಹೊರಗೆ ಬಂದು ಬಸ್ಸಿಗೆ ನಿಂತಾಗ ಅವಳೇ ಹೇಳಿದಳು: "ನಂಗೂ ತಿಳೀಲಿಲ್ರಿ. ಗಿರಣಿ ಬಂದಾದ ಮ್ಯಾಲೆ ಎಲ್ಲಾ ಸುಮ್ಮಗಾತು ಅನ್ಕೊಂಡಿದ್ನಿ."

ಕಿವಿಯ ಮಶೀನು ಹಾಕಿಸಿದೆವು. ಪಾತ್ರೆ ಬಿದ್ದದ್ದು, ಮೋಟರ್ ಸೈಕಲ್ಲು, ಎಲ್ಲ ಬಂದವು. ಮಗಳು ಬರಲಿಲ್ಲ. ಹರಿದ ಕಾಗದದ ಸದ್ದಿನಂತೆ ಏನೋ ಬರುತ್ತದೆ, ಅದು ಅವಳಲ್ಲ ಎಂದು ಹೆಂಡತಿ ಮಶೀನು ತೆಗೆದಿಟ್ಟಳು. ಮೂಡಲಗಿಗೆ ಹೋಗಿ ಆ ತಿಳಿ ಧ್ವನಿಯ ಸಣ್ಣ ಜೋಡಿಯನ್ನೂ ತಂದು ನೋಡಿದೆ. ಅದರಲ್ಲಿ ಅವಳಿಗೆ ತಬಲಾ ಸಹ ಕೇಳಿಸಲಿಲ್ಲ. ತಿರುಗಿ ಕೊಟ್ಟು ಬಂದೆ. ಸೆಟ್ಟಿನ ಮೇಲೆ ಬಟ್ಟೆ ಮುಚ್ಚಿದೆ. ಆ ಬಟ್ಟೆ ತೆಗೆದವಳು ಹೆಂಡತಿಯೇ.

"ನೀವು ನನ್ನ ಎದುರ ಕುಂದರ್ರಿ," ಎಂದಳು. "ಅಕಿ ಹಾಡಿದಾಂಗ ತುಟಿ ಆಡಸ್ರಿ."

ಈಗ ನಮ್ಮ ಮುಂಜಾನೆಯ ಸಾಲಿಗೆ ಇದೊಂದು ಸೇರಿದೆ. ಚಹಾ ಆದ ಮೇಲೆ ಅವಳು ಪೆಟ್ಟಿಗೆಯ ಬಾಜೂ ಕುಳಿತು ಅದರ ಮೇಲೆ ಅಂಗೈ ಇಡುತ್ತಾಳೆ. ನಾನು ಎದುರು ಕೂತು, ಮಗಳ ಹಾಡಿಗೆ ಸದ್ದಿಲ್ಲದೆ ತುಟಿ ಆಡಿಸುತ್ತೇನೆ. ನನಗೆ ಹಾಡು ಬರುವುದಿಲ್ಲ. ಮೊದಮೊದಲು ಬಹಳ ತಪ್ಪುತ್ತಿದ್ದೆ. ಅಂಗೈಯಲ್ಲಿ ತಬಲಾ ಹಿಡಿದವಳಿಗೆ ಅದು ತಕ್ಷಣ ತಿಳಿಯುತ್ತಿತ್ತು. ಅಕೀನ್ನ ಬಿಟ್ಟ ಮುಂದ ಓಡಬ್ಯಾಡ್ರಿ, ಇದು ಗಿರಣಿ ಅಲ್ಲ ಎಂದು ಬೈಯುತ್ತಿದ್ದಳು. ಈಗ ತಪ್ಪುವುದು ಕಡಿಮೆ.

ಎರಡನೆಯ ನುಡಿಯ ನಡುವೆ ತಬಲಾ ನಿಲ್ಲುತ್ತದೆ. ಅವಳ ಅಂಗೈಗೆ ಅದು ಗೊತ್ತಾಗುತ್ತದೆ. "ಅವ್ವಾ, ಮುಂದ?" ಎಂದು ನನ್ನ ತುಟಿ ಕೇಳುತ್ತದೆ. ಆಮೇಲೆ ನಾನು ಬಾಯಿ ಮುಚ್ಚುತ್ತೇನೆ. ಅವಳು ನನ್ನ ಕಡೆ ನೋಡುವುದಿಲ್ಲ. ಪೆಟ್ಟಿಗೆಯ ಕಡೆ ಬಾಗಿ, ಮುಂದಿನ ಸಾಲನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ, ತುಟಿಯಲ್ಲಿ ಹೇಳಿಕೊಡುತ್ತಾಳೆ. ಮಗಳು ಅಲ್ಲಿಂದ ಎತ್ತಿಕೊಂಡು ಹಾಡುತ್ತಾಳೆ.